503ರಲ್ಲಿ 287 ಹೋದರೆ 384

"ಮಿಸ್, ನಾನು ಹತ್ತೂ ಲೆಕ್ಕ ಒಂದೇ ಥರ ಮಾಡಿದೀನಿ. ನೀವು ನಾಲ್ಕಕ್ಕೆ ಮಾತ್ರ ಯಾಕೆ ರೈಟ್ ಹಾಕಿದೀರಿ?"

ಐದನೇ ತರಗತಿಯ ಹುಡುಗಿಯೊಬ್ಬಳು ಉತ್ತರಪತ್ರಿಕೆ ಹಿಡಿದುಕೊಂಡು ನನ್ನ ಮೇಜಿನ ಮುಂದೆ ನಿಂತು ಕೇಳಿದ ಪ್ರಶ್ನೆ ಇದು. ದನಿಯಲ್ಲಿ ಜಗಳ ಇರಲಿಲ್ಲ. ನಿಜವಾಗಿಯೂ ಗೊತ್ತಾಗದೆ ಕೇಳಿದ್ದಳು.

ಪೇಪರ್ ಕೊಡುವ ದಿನ ಮೇಜಿನ ಸುತ್ತ ಗುಂಪು ಸೇರುವುದು ಮಾಮೂಲು. ಟೋಟಲ್ ತಪ್ಪಿದೆ, ಅರ್ಧ ಮಾರ್ಕ್ಸ್ ಬಿಟ್ಟಿದೀರಿ, ಅವನಿಗೆ ಕೊಟ್ಟು ನನಗೆ ಕೊಟ್ಟಿಲ್ಲ. ಇಂಥ ತಕರಾರಿಗೆಲ್ಲ ನನ್ನ ಬಳಿ ಉತ್ತರ ಸಿದ್ಧ ಇರುತ್ತಿತ್ತು. ಈ ಪ್ರಶ್ನೆಗೆ ಇರಲಿಲ್ಲ. ಅವಳಿಗೆ ಬಂದದ್ದು ಇಪ್ಪತ್ತಕ್ಕೆ 8. ಆಗಲೇ ಮಾರ್ಕ್ಸ್ ಪುಸ್ತಕದಲ್ಲಿ ಅವಳ ಹೆಸರಿನ ಪಕ್ಕ ಕೆಂಪು ಚುಕ್ಕೆ ಇಟ್ಟಿದ್ದೆ. ಹತ್ತಕ್ಕಿಂತ ಕಡಿಮೆ ಬಂದವರಿಗೆಲ್ಲ ಕೆಂಪು ಚುಕ್ಕೆ. ಚುಕ್ಕೆ ಇದ್ದವರಿಗೆಲ್ಲ ಸಂಜೆ ವಿಶೇಷ ತರಗತಿ. ಆ ವಾರದ ಮೀಟಿಂಗಿನಲ್ಲಿ "ಗಣಿತದ ಸರಾಸರಿ ಏನಾದರೂ ಮಾಡಿ ಏರಿಸಿ" ಎಂದು ನಮಗೆಲ್ಲ ಹೇಳಿಸಿಕೊಂಡಾಗಿತ್ತು. ವಿಶೇಷ ತರಗತಿ ಅಂದರೆ ಏನು? ಅದೇ ಥರದ ಇನ್ನೂ ಇಪ್ಪತ್ತು ಲೆಕ್ಕ. ಅಷ್ಟೇ.

"ತೋರಿಸು ನೋಡೋಣ" ಎಂದು ಪೇಪರ್ ಇಸಿದುಕೊಂಡೆ. ಎಲ್ಲವೂ ಕಳೆಯುವ ಲೆಕ್ಕ. 762ರಲ್ಲಿ 431 ಕಳೆದು 331 ಬರೆದಿದ್ದಳು, ಸರಿ. 503ರಲ್ಲಿ 287 ಕಳೆದು 384 ಬರೆದಿದ್ದಳು. ಬರಬೇಕಾದದ್ದು 216. ತಿದ್ದುವಾಗ ಒಂದು ಅಡ್ಡಗೆರೆ ಎಳೆದು ಮುಂದೆ ಹೋಗಿದ್ದೆ. ಒಂದು ಪೇಪರಿಗೆ ಎರಡು ನಿಮಿಷ ಕೊಟ್ಟಿದ್ದರೆ ಹೆಚ್ಚು.

"ಇಲ್ಲಿ 3ರಲ್ಲಿ 7 ಹೇಗೆ ಕಳೆದೆ?"

"3ರಲ್ಲಿ 7 ಹೋಗಲ್ಲ ಮಿಸ್. 7ರಲ್ಲಿ 3 ಹೋಗುತ್ತೆ. ನಾಲ್ಕು."

"ಹಾಗೆ ಮಾಡಬೇಕು ಅಂತ ಯಾರು ಹೇಳಿದ್ದು?"

"ನೀವೇ. ಚಿಕ್ಕದರಲ್ಲಿ ದೊಡ್ಡದು ಹೋಗಲ್ಲ, ಯಾವಾಗಲೂ ದೊಡ್ಡದರಲ್ಲೇ ಚಿಕ್ಕದು ಕಳೀಬೇಕು ಅಂದಿದ್ರಿ."

ಅಂದಿದ್ದೆ. ಒಂದು ಸಲ ಅಲ್ಲ, ನೂರು ಸಲ ಅಂದಿದ್ದೆ. ನಾನು ಹೇಳಿದ್ದು ಇಡೀ ಸಂಖ್ಯೆಯ ಬಗ್ಗೆ. ಅವಳು ಅದನ್ನು ಒಂದೊಂದು ಅಂಕಿಗೂ ಹಾಕಿಕೊಂಡಿದ್ದಳು. ಹಾಗೆ ನೋಡಿದರೆ ಅವಳ ಪೇಪರಿನಲ್ಲಿ ಎಲ್ಲೂ ಅಜಾಗರೂಕತೆ ಇರಲಿಲ್ಲ. 812ರಲ್ಲಿ 345 ಕಳೆದರೆ 533, 400ರಲ್ಲಿ 163 ಕಳೆದರೆ 363. ಎಲ್ಲ ಕಡೆ ಅದೇ ನಿಯಮ, ಒಂದು ಕಡೆಯೂ ತಪ್ಪದೆ. ದಶಕ ತೆಗೆದುಕೊಳ್ಳುವ ಅಗತ್ಯವೇ ಇಲ್ಲದ ನಾಲ್ಕು ಲೆಕ್ಕದಲ್ಲಿ ಆ ನಿಯಮ ಸರಿಯಾದ ಉತ್ತರ ಕೊಟ್ಟಿತ್ತು. ಉಳಿದ ಆರರಲ್ಲಿ ಕೈ ಕೊಟ್ಟಿತ್ತು. ಅವಳ ಪಾಲಿಗೆ ಹತ್ತೂ ಒಂದೇ, ಅಲ್ವಾ?

ಬೇರೆ ದಿನ ಆಗಿದ್ದರೆ ಸರಿಯಾದ ಕ್ರಮ ಬೋರ್ಡಿನ ಮೇಲೆ ಮತ್ತೆ ಮಾಡಿ ತೋರಿಸಿ ಕಳಿಸುತ್ತಿದ್ದೆ. ಅವತ್ತು ಯಾಕೋ ಹಾಗೆ ಮಾಡಲಿಲ್ಲ. ಒಂದು ಚೀಟಿಯಲ್ಲಿ 1000 − 268 ಬರೆದು ಕೊಟ್ಟು, "ನಿನ್ನ ಥರವೇ ಮಾಡು" ಎಂದೆ.

ಸರಸರ ಬರೆದಳು. 8, 6, 2, 1. ಉತ್ತರ 1268.

ಪೆನ್ಸಿಲ್ ನಿಂತಿತು. ಮೇಲಿನ ಸಂಖ್ಯೆ ನೋಡಿದಳು, ಕೆಳಗಿನದು ನೋಡಿದಳು. ಬೆರಳಿಟ್ಟು ಇನ್ನೊಮ್ಮೆ ಓದಿದಳು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ನಗಲು ಶುರು ಮಾಡಿದಳು. "ಮಿಸ್, ಕಳೆದ್ರೆ ಜಾಸ್ತಿ ಆಯ್ತು!"

ನಾನು ಹಾಕಿದ ಆರು ಅಡ್ಡಗೆರೆಗಳಿಂದ ಆಗದ ಕೆಲಸ ಆ ಒಂದು ಚೀಟಿಯಿಂದ ಆಯಿತು. ಅಡ್ಡಗೆರೆ ಹೇಳಿದ್ದು "ಮಿಸ್‌ಗೆ ಇಷ್ಟ ಆಗಲಿಲ್ಲ" ಅಂತ ಮಾತ್ರ. 1268 ಹೇಳಿದ್ದು "ನಿನ್ನ ನಿಯಮದಲ್ಲೇ ಏನೋ ಎಡವಟ್ಟಿದೆ" ಅಂತ.

ಅಷ್ಟು ಹೊತ್ತಿಗೆ ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ಹುಡುಗನೊಬ್ಬ ತನ್ನ ಪೇಪರನ್ನೂ ಮೇಜಿನ ಮೇಲೆ ಇಟ್ಟ. ಅವನಿಗೂ 8. ಅವನಿಗೂ ಕೆಂಪು ಚುಕ್ಕೆ. 503ರಲ್ಲಿ 287 ಕಳೆಯುವ ಲೆಕ್ಕಕ್ಕೆ ಅವನ ಉತ್ತರ 226. ಇವನಿಗೆ ದಶಕ ತೆಗೆದುಕೊಳ್ಳಲು ಚೆನ್ನಾಗಿಯೇ ಬರುತ್ತಿತ್ತು. ಸೊನ್ನೆ ಬಂದಲ್ಲಿ ಮಾತ್ರ ಮುಗ್ಗರಿಸುತ್ತಿದ್ದ. ಸೊನ್ನೆ ಇದ್ದ ನಾಲ್ಕು ಲೆಕ್ಕ ತಪ್ಪು, ಕೊನೆಯ ಎರಡಕ್ಕೆ ಟೈಮ್ ಸಾಕಾಗಿಲ್ಲ. ಉಳಿದ ನಾಲ್ಕಕ್ಕೆ ಎಂಟು.

"ಪಕ್ಕದ ಮನೆಯಲ್ಲಿ ಸಾಲ ತಗೋಬೇಕು ಮಿಸ್" ಎಂದ. ಇದೂ ನನ್ನದೇ ಮಾತು. "ಆ ಮನೆಯಲ್ಲಿ ಸೊನ್ನೆ. ಅದಕ್ಕೆ ಅದರಾಚೆ ಮನೆಗೆ ಹೋಗಿ ತಂದೆ." ತಂದದ್ದು ಒಂದು ನೂರು, ಅಂದರೆ ಹತ್ತು ಹತ್ತುಗಳು. ಅದನ್ನು ಪೂರ್ತಿಯಾಗಿ ಹತ್ತರ ಮನೆಯಲ್ಲಿ ಇಟ್ಟುಕೊಂಡು, ಬಿಡಿ ಮನೆಗೂ ಒಂದು ಹತ್ತು ಕೊಟ್ಟುಬಿಟ್ಟಿದ್ದ. ಅಲ್ಲಿ 9 ಉಳಿಯಬೇಕಿತ್ತು, ಇವನ ಲೆಕ್ಕದಲ್ಲಿ 10 ಹಾಗೇ ಇತ್ತು.

ಆಮೇಲೆ ಅವನು ಕೇಳಿದ್ದು ಇನ್ನೂ ಚೆನ್ನಾಗಿತ್ತು. "ಸಾಲ ತಗೊಂಡ್ವಲ್ಲ ಮಿಸ್, ವಾಪಸ್ ಕೊಡೋದು ಯಾವಾಗ?"

ವಾಪಸ್ ಕೊಡುವುದೇ ಇಲ್ಲ! ಇಷ್ಟು ವರ್ಷ ಈ ಕಥೆ ಹೇಳಿಕೊಂಡು ಬಂದಿದ್ದೇನೆ, ಒಂದು ದಿನವೂ ಇದು ಹೊಳೆದಿರಲಿಲ್ಲ. ಅಲ್ಲಿ ಸಾಲವೂ ಇಲ್ಲ, ಪಕ್ಕದ ಮನೆಯೂ ಇಲ್ಲ. ಇರುವುದು ಒಂದೇ ಸಂಖ್ಯೆ, ಅದನ್ನು ಬೇರೆ ಥರ ಬಿಚ್ಚಿ ಇಡುತ್ತೇವೆ ಅಷ್ಟೇ. ಬೀರುವಿನಿಂದ ಕಡ್ಡಿಗಳ ಡಬ್ಬ ತೆಗೆದೆ. ಹತ್ತು ಹತ್ತು ಕಡ್ಡಿಗೆ ರಬ್ಬರ್ ಬ್ಯಾಂಡ್ ಹಾಕಿದ ಸಣ್ಣ ಕಟ್ಟುಗಳು, ಅಂಥ ಹತ್ತು ಕಟ್ಟು ಸೇರಿಸಿ ಬಿಗಿದ ದೊಡ್ಡ ಕಟ್ಟುಗಳು. ಐದು ದೊಡ್ಡ ಕಟ್ಟು, ಮೂರು ಬಿಡಿ ಕಡ್ಡಿ ಮೇಜಿನ ಮೇಲೆ ಇಟ್ಟೆವು. ಹುಡುಗ ಒಂದು ದೊಡ್ಡ ಕಟ್ಟು ಬಿಚ್ಚಿದ. ಹತ್ತು ಸಣ್ಣ ಕಟ್ಟು ಉರುಳಿ ಬಿದ್ದವು. ಅದರಲ್ಲಿ ಒಂದನ್ನು ಬಿಚ್ಚಿದ. ಈಗ ನಾಲ್ಕು ದೊಡ್ಡ, ಒಂಬತ್ತು ಸಣ್ಣ, ಹದಿಮೂರು ಬಿಡಿ. "ಓ, ಒಂದು ಇಲ್ಲಿಂದಲೇ ಹೋಯ್ತು" ಎಂದು ಅವನೇ ಗೊಣಗಿಕೊಂಡ. 287 ತೆಗೆದಿಟ್ಟರು. ಉಳಿದದ್ದು 216. ಅವತ್ತಿನಿಂದ ನಾನು "ಸಾಲ ತಗೋ" ಅನ್ನುವುದಿಲ್ಲ, "ಕಟ್ಟು ಬಿಚ್ಚು" ಅನ್ನುತ್ತೇನೆ.

ಮಾರ್ಕ್ಸ್ ಪುಸ್ತಕದಲ್ಲಿ ಇಬ್ಬರದೂ 8. ಇಬ್ಬರಿಗೂ ಸಂಜೆ ಅದೇ ಇಪ್ಪತ್ತು ಲೆಕ್ಕ ಕೊಡುವವಳಿದ್ದೆ. ಒಬ್ಬಳು ತನ್ನ ತಪ್ಪು ನಿಯಮವನ್ನು ಇಪ್ಪತ್ತು ಸಲ ಬರೆದು ಗಟ್ಟಿ ಮಾಡಿಕೊಳ್ಳುತ್ತಿದ್ದಳು. ಇನ್ನೊಬ್ಬ ಅವನಿಗೆ ಬರುವ ಲೆಕ್ಕವನ್ನೇ ಮಾಡಿ ಮಾಡಿ ಸುಸ್ತಾಗುತ್ತಿದ್ದ. ಇಬ್ಬರ ಬಗ್ಗೆಯೂ ನಾನು ಮೀಟಿಂಗಿನಲ್ಲಿ ಹೇಳುತ್ತಿದ್ದುದು ಒಂದೇ ಮಾತು: "ಗಣಿತದಲ್ಲಿ ವೀಕ್."

ಸಂಜೆಯ ವಿಶೇಷ ತರಗತಿ ಅವತ್ತು ನಡೆಸಲಿಲ್ಲ. ಹೆದರಿಕೆ ಇದ್ದೇ ಇತ್ತು, ಆದರೂ ರದ್ದು ಮಾಡಿದೆ. ಮಕ್ಕಳಿಂದ 38 ಪೇಪರನ್ನೂ ವಾಪಸ್ ಇಸಿದುಕೊಂಡು ಸ್ಟಾಫ್ ರೂಮಿನಲ್ಲಿ ಹರಡಿ ಕೂತೆ. ಮಾರ್ಕ್ಸ್ ನೋಡದೆ, ತಪ್ಪು ನೋಡಿ ಗುಂಪು ಮಾಡತೊಡಗಿದೆ. ದೊಡ್ಡದರಲ್ಲಿ ಚಿಕ್ಕದು ಕಳೆಯುವವರು ಒಂದು ಕಡೆ, ಸೊನ್ನೆಯಲ್ಲಿ ಎಡವುವವರು ಒಂದು ಕಡೆ. ಕ್ರಮ ಗೊತ್ತಿದ್ದೂ 13ರಲ್ಲಿ 7 ಎಷ್ಟು ಎಂದು ಬೆರಳು ಎಣಿಸುವಾಗ ತಪ್ಪಿದವರು ಇನ್ನೊಂದು ಕಡೆ. ಸುಮ್ನೆ ಮನಸ್ಸಿಗೆ ಬಂದದ್ದು ಬರೆದವರು ಅನ್ನಿಸುವಂಥ ಪೇಪರ್ ಎರಡೋ ಮೂರೋ ಮಾತ್ರ ಉಳಿದವು. ಉಳಿದ ತಪ್ಪುಗಳಿಗೆಲ್ಲ ಒಂದೊಂದು ದಾರಿ ಇತ್ತು.

ನಾನೇನೂ ಹೊಸದನ್ನು ಕಂಡುಹಿಡಿದಿರಲಿಲ್ಲ. 1978ರಲ್ಲೇ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬ ಅಮೆರಿಕದ ಸಂಶೋಧಕರು ಇದರ ಬಗ್ಗೆ ಬರೆದಿದ್ದಾರೆ. ಮಕ್ಕಳ ಕಳೆಯುವ ಲೆಕ್ಕದ ತಪ್ಪುಗಳು ಎಷ್ಟೋ ಸಲ ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ ಸೇರಿಕೊಂಡ ದೋಷದ ಹಾಗೆ ಎಂದರು. ದೋಷ ಇರುವ ಕ್ರಮವನ್ನು ಮಗು ಚಾಚೂ ತಪ್ಪದೆ ಪಾಲಿಸುತ್ತದೆ. ಶಿಕ್ಷಕರು ಅಂಥ ದೋಷ ಪತ್ತೆ ಮಾಡುವುದನ್ನು ಅಭ್ಯಾಸ ಮಾಡಲಿ ಎಂದು ಅವರು ಒಂದು ಕಂಪ್ಯೂಟರ್ ಆಟವನ್ನೇ ತಯಾರಿಸಿದ್ದರು. ಇದನ್ನೆಲ್ಲ ನಾನು ಮೊದಲೇ ಓದಿದ್ದೆ. ಓದಿಯೂ ಅಡ್ಡಗೆರೆ ಎಳೆಯುತ್ತಿದ್ದೆ ಅನ್ನುವುದು ಬೇರೆ ಮಾತು.

ಹೊರಡುವ ಮುನ್ನ ಆ ಹುಡುಗಿಯ ಪೇಪರ್ ಮತ್ತೆ ಕೈಗೆ ಬಂತು. 384. ಅದನ್ನೇ ನೋಡುತ್ತಾ ಕೂತಿದ್ದಾಗ ಥಟ್ಟನೆ ಹೊಳೆಯಿತು. ನೂರರ ಸ್ಥಾನದಲ್ಲಿ 500ರಲ್ಲಿ 200 ಹೋಗಿ 300 ಇದೆ. ಹತ್ತರ ಸ್ಥಾನದಲ್ಲಿ ಏನೂ ಇಲ್ಲ, 80 ಕೊಡಬೇಕು, ಅಂದರೆ 80 ಕಮ್ಮಿ. ಬಿಡಿಯಲ್ಲಿ ಇರುವುದು 3, ಕೊಡಬೇಕಾದದ್ದು 7, ಅಂದರೆ 4 ಕಮ್ಮಿ. 300ರಲ್ಲಿ 80 ಹೋದರೆ 220, ಅದರಲ್ಲಿ 4 ಹೋದರೆ 216!

ಅವಳ 3, 8, 4 ಮೂರೂ ಸರಿ. ಇರುವುದು ಯಾವುದು, ಕಮ್ಮಿ ಬಿದ್ದದ್ದು ಯಾವುದು ಎಂಬ ಗುರುತು ಮಾತ್ರ ಕಳೆದುಹೋಗಿತ್ತು. ಅವಳ 533 ತೆಗೆದುಕೊಂಡೆ. 500, 30 ಕಮ್ಮಿ, 3 ಕಮ್ಮಿ. 467, ಸರಿಯಾದ ಉತ್ತರ. 363ಕ್ಕೆ 300ರಿಂದ 60 ಮತ್ತು 3 ತೆಗೆದೆ. 237, ಅದೂ ಸರಿ. ಖಾಲಿ ಸ್ಟಾಫ್ ರೂಮಿನಲ್ಲಿ ಒಬ್ಬಳೇ ಕೂತು ಆರೂ ಲೆಕ್ಕ ಹೀಗೇ ಮಾಡಿ ನೋಡಿದೆ. ಆರೂ ಬಂದವು.

ಅಂದರೆ "3ರಲ್ಲಿ 7 ಹೋಗಲ್ಲ" ಎಂದು ನಾನು ಹೇಳಿದ್ದೇ ಸುಳ್ಳು. ಹೋಗುತ್ತೆ, 4 ಸಾಲ ಉಳಿಯುತ್ತೆ. ಕ್ರಿ.ಶ. 628ರಲ್ಲಿ ಗಣಿತಜ್ಞ ಬ್ರಹ್ಮಗುಪ್ತ ಇಂಥ ಸಂಖ್ಯೆಗಳನ್ನು ಕೂಡುವ, ಕಳೆಯುವ ನಿಯಮ ಬರೆದಾಗ ಅವನ್ನು ಕರೆದದ್ದೇ ಋಣ ಎಂದು. ಈ ಮಕ್ಕಳೇ ಮುಂದೆ ಋಣ ಸಂಖ್ಯೆಯ ಪಾಠಕ್ಕೆ ಬಂದಾಗ "ಹೋಗುತ್ತೆ, ಉತ್ತರ ಋಣ 4" ಎಂದು ಬೋರ್ಡಿನ ಮೇಲೆ ಬರೆಯುವವಳೂ ನಾನೇ. ಐದನೇ ತರಗತಿಯಲ್ಲಿ "ಹೋಗಲ್ಲ" ಅಂತ ಅಷ್ಟು ಖಡಾಖಂಡಿತವಾಗಿ ಹೇಳುವ ಬದಲು "ಈಗ ಇರುವ ಕಡ್ಡಿ ಸಾಲದು" ಅಂದಿದ್ದರೆ ಸಾಕಿತ್ತು.

ಮಾರನೆಯ ದಿನ ಅವಳಿಗೆ ಇದನ್ನು ತೋರಿಸಿದೆ. ಕಟ್ಟು ಬಿಚ್ಚುವ ಕ್ರಮವನ್ನೂ ಕಲಿಸಿದೆ, ಅವಳದೇ ದಾರಿಯನ್ನೂ ಸರಿ ಮಾಡಿ ಕೊಟ್ಟೆ. ಅವಳು ಯಾವುದನ್ನು ಇಟ್ಟುಕೊಂಡಳು ಗೊತ್ತಾ? ಎರಡನ್ನೂ. ಒಂದರಲ್ಲಿ ಮಾಡಿ ಇನ್ನೊಂದರಲ್ಲಿ ತಾಳೆ ನೋಡುತ್ತಾಳೆ.

ಮುಂದಿನ ಕಿರುಪರೀಕ್ಷೆಯ ಪೇಪರಿನ ಮೇಲೆ ಮಾರ್ಕ್ಸ್ ಬರೆಯದೆ, ಒಂದೊಂದು ಸಾಲಿನ ಟಿಪ್ಪಣಿ ಬರೆದು ಕೊಟ್ಟೆ. 1988ರಲ್ಲಿ ರೂತ್ ಬಟ್ಲರ್ ಎಂಬ ಸಂಶೋಧಕಿ ಪ್ರಕಟಿಸಿದ ಅಧ್ಯಯನದಲ್ಲಿ ಬರೀ ಟಿಪ್ಪಣಿ ಸಿಕ್ಕ ಮಕ್ಕಳು ಮುಂದೆ ಬಂದರು, ಅಂಕ ಮತ್ತು ಟಿಪ್ಪಣಿ ಎರಡೂ ಸಿಕ್ಕವರಿಗೆ ಆ ಲಾಭ ಆಗಲಿಲ್ಲ. ಅಂಕ ಕಂಡರೆ ಟಿಪ್ಪಣಿ ಯಾರು ಓದುತ್ತಾರೆ? ನಾನಾದರೂ ಓದುತ್ತಿರಲಿಲ್ಲ. ಆದರೆ ಯಾವಾಗಲೂ ಮೊದಲು ಬರುವ ಹುಡುಗನಿಗೆ ಇದು ತಡೆಯಲಾಗಲಿಲ್ಲ. "ನನಗೆ ಎಷ್ಟು ಅಂತ ಮೆಲ್ಲಗೆ ಹೇಳಿಬಿಡಿ ಮಿಸ್" ಎಂದು ಮೂರು ದಿನ ಹಿಂದೆ ಬಿದ್ದಿದ್ದ.

ಪುಸ್ತಕದಲ್ಲಿ ಅಂಕ ತುಂಬಲೇಬೇಕಿತ್ತು, ತುಂಬಿದೆ. ಹುಡುಗಿಗೆ 18. ತಪ್ಪಿದ ಒಂದನ್ನು ಹಿಡಿದುಕೊಂಡು ಮತ್ತೆ ಮೇಜಿನ ಹತ್ತಿರ ಬಂದಳು. ಈ ಸಲ ಅವಳು ಎಡವಿದ್ದೆಲ್ಲಿ ಎಂದು ಇಬ್ಬರೂ ಸೇರಿ ಹುಡುಕಿದೆವು. ಕ್ರಮ ಸರಿ, ತಾಳೆಯೂ ಸರಿ. ಕೊನೆಗೆ ಸಿಕ್ಕಿತು. ಬೋರ್ಡಿನ ಮೇಲೆ ನಾನು ಬರೆದ 6 ಅವಳಿಗೆ 0 ಥರ ಕಂಡಿತ್ತು. ಪುಸ್ತಕದಲ್ಲಿ ಅವಳ 18ನ್ನು 20 ಎಂದು ತಿದ್ದಿದೆ.