ಎನ್‌ಕ್ರಿಪ್ಶನ್ ಇದ್ದಮೇಲೆ ಸರ್ಕಾರಕ್ಕೆ ಏನು ತಾನೇ ಸಿಗುತ್ತದೆ?

‘ವಾಟ್ಸಾಪ್‌ನಲ್ಲಿ ಎಂಡ್-ಟು-ಎಂಡ್ ಎನ್‌ಕ್ರಿಪ್ಶನ್ ಇದೆಯಲ್ಲ, ಸರ್ಕಾರ ನನ್ನ ಮೆಸೇಜ್ ಓದುವುದಾದರೂ ಹೇಗೆ?’ ಬಹಳ ಜನ ಕೇಳುವ ಪ್ರಶ್ನೆ ಇದು. ಕಳಿಸಿದವರ ಮತ್ತು ಪಡೆದವರ ಫೋನ್‌ಗಳಲ್ಲಿ ಮಾತ್ರ ಬಿಡಿಸಿ ಓದಬಹುದಾದ ಗೂಢಲಿಪಿ ಇದು. ಹಾಗಾಗಿ ಮೆಸೇಜ್ ಹೋಗುವ ದಾರಿಯಲ್ಲಿ ಹಿಡಿದು ಓದಲಾಗದು, ನಿಜ. ಆದರೆ ಸೋರುವ ಜಾಗಗಳು ಬೇರೆಯೇ ಇವೆ.

ಎಲ್ಲಕ್ಕಿಂತ ದೊಡ್ಡದು ಬ್ಯಾಕಪ್. ಗೂಗಲ್ ಡ್ರೈವ್‌ಗೋ ಐಕ್ಲೌಡ್‌ಗೋ ಹೋಗುವ ಪ್ರತಿಗೆ ಪ್ರತ್ಯೇಕ ಎನ್‌ಕ್ರಿಪ್ಶನ್ ಬೇಕು. ವಾಟ್ಸಾಪ್ 2021ರಲ್ಲಿ ಅದನ್ನು ಕೊಟ್ಟಿತು, ಆದರೆ ಆನ್ ಮಾಡಬೇಕಾದವರು ನಾವು. ಸೆಟ್ಟಿಂಗ್ಸ್‌ನಲ್ಲಿ ಚಾಟ್ಸ್, ಅದರೊಳಗೆ ಚಾಟ್ ಬ್ಯಾಕಪ್‌ಗೆ ಹೋದರೆ ಆ ಆಯ್ಕೆ ಸಿಗುತ್ತದೆ. ಪಾಸ್‌ವರ್ಡ್ ಇಡಬಹುದು, 64 ಅಂಕಿಯ ಕೀಯನ್ನೂ ಪಡೆಯಬಹುದು. ಕೀಯನ್ನು ಕಾಗದದ ಮೇಲೆ ಬರೆದಿಡಿ. ಸ್ಕ್ರೀನ್‌ಶಾಟ್ ತೆಗೆದರೆ ಫೋಟೊಗಳ ಜೊತೆ ಅದೂ ಕ್ಲೌಡ್ ಸೇರಿ, ಪಟ್ಟ ಶ್ರಮವೆಲ್ಲ ವ್ಯರ್ಥ. ಪಾಸ್‌ವರ್ಡೋ ಕೀಯೋ ಕಳೆದುಹೋದರೆ ಕಂಪನಿಯೂ ಬ್ಯಾಕಪ್ ತೆರೆದುಕೊಡಲಾರದು. ಇನ್ನೊಂದು ವಿಷಯವನ್ನು ಹೆಚ್ಚಿನವರು ಮರೆಯುತ್ತಾರೆ: ಎದುರಿನವರ ಬ್ಯಾಕಪ್‌ಗೆ ಎನ್‌ಕ್ರಿಪ್ಶನ್ ಇಲ್ಲದಿದ್ದರೆ ನಿಮ್ಮ ಮಾತೂ ಅದರಲ್ಲೇ ಇರುತ್ತದೆ. ಇಬ್ಬರೂ ಕೂತು ಒಟ್ಟಿಗೆ ಆನ್ ಮಾಡಿ. ಮೆಸೇಜ್ ತಾನಾಗಿಯೇ ಅಳಿಯುವ ‘ಡಿಸಪಿಯರಿಂಗ್ ಮೆಸೇಜಸ್’ ಆಯ್ಕೆಗೆ 7 ದಿನ ಇಟ್ಟುಕೊಂಡರೆ ಹಳೆಯ ಮಾತು ರಾಶಿ ಬೀಳುವುದೂ ತಪ್ಪುತ್ತದೆ.

ಎರಡನೆಯದು ಮೆಟಾಡೇಟಾ, ಅಂದರೆ ಯಾರು, ಯಾರಿಗೆ, ಯಾವಾಗ, ಎಷ್ಟು ಹೊತ್ತು ಎಂಬ ವಿವರ. ಇದಕ್ಕೇನು ಬೆಲೆ ಎನ್ನುವವರು 2013ನ್ನು ನೆನೆಯಬೇಕು. ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎಯ ಗುತ್ತಿಗೆ ನೌಕರನಾಗಿದ್ದ ಎಡ್ವರ್ಡ್ ಸ್ನೋಡೆನ್ ಹೊರತಂದ ದಾಖಲೆಗಳಲ್ಲಿ ಮೊದಲು ಸುದ್ದಿಯಾದದ್ದು, ವೆರೈಜನ್ ಎಂಬ ಫೋನ್ ಕಂಪನಿ ಗ್ರಾಹಕರ ಕರೆ ವಿವರಗಳನ್ನು ಪ್ರತಿದಿನ ಆ ಸಂಸ್ಥೆಗೆ ಒಪ್ಪಿಸಬೇಕೆಂಬ ರಹಸ್ಯ ಆದೇಶ. ಆಡಿದ ಮಾತು ಅದರಲ್ಲಿರಲಿಲ್ಲ. ಆದರೂ ಒಬ್ಬರ ಕರೆಪಟ್ಟಿ ಹೀಗಿದೆ ಎಂದುಕೊಳ್ಳಿ: ಕ್ಯಾನ್ಸರ್ ತಜ್ಞರಿಗೊಂದು ಕರೆ, ಮರುದಿನ ವಿಮೆ ಕಂಪನಿಗೆ, ಆಮೇಲೆ ವಕೀಲರಿಗೆ. ಇಷ್ಟು ಸಾಲು ಕಂಡವರಿಗೆ ಮಾತು ಕೇಳುವ ಅಗತ್ಯವೇ ಬೀಳದು.

ಕೂಡಿಡದ ಮಾಹಿತಿಯನ್ನು ಯಾವ ಆದೇಶವೂ ಕಿತ್ತುಕೊಳ್ಳಲಾರದು. 2016ರಲ್ಲಿ ಅಮೆರಿಕದ ನ್ಯಾಯವ್ಯವಸ್ಥೆ ಬಳಕೆದಾರರ ವಿವರ ಕೇಳಿದಾಗ, ಸಿಗ್ನಲ್ ಎಂಬ ಮೆಸೇಜ್ ಆ್ಯಪ್‌ಗೆ ಕೊಡಲಾದದ್ದು ಎರಡೇ ವಿವರ: ಖಾತೆ ತೆರೆದ ಸಮಯ, ಕೊನೆಯ ಬಾರಿ ಸರ್ವರ್‌ಗೆ ಸಂಪರ್ಕವಾದ ದಿನ. ಸೂಕ್ಷ್ಮ ವಿಷಯಕ್ಕೆ ಸಿಗ್ನಲ್ ಬಳಸಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಹೊಸ ಸಿಮ್ ಹಾಕಿದರೆ ಗುರುತು ಅಳಿಯಿತು ಎಂದುಕೊಳ್ಳಬೇಡಿ. ಫೋನಿನ 15 ಅಂಕಿಯ ಗುರುತು ಸಂಖ್ಯೆ ಐಎಂಇಐ ನೆಟ್‌ವರ್ಕ್‌ಗೆ ಕಾಣುತ್ತದೆ, ಅದು ಸಿಮ್ ಜೊತೆ ಬದಲಾಗುವುದಿಲ್ಲ. ಜಿಪಿಎಸ್ ಆರಿಸಿದ್ದರೂ ಯಾವ ಟವರ್‌ಗೆ ಫೋನ್ ಸೇರಿದೆ ಎಂಬುದು ದಾಖಲಾಗುತ್ತಲೇ ಇರುತ್ತದೆ.

ಫೋನೇ ಅಧಿಕಾರಿಗಳ ಕೈಸೇರುವ ಸಂಭವವಿದ್ದರೆ ಮೊದಲೇ ಪೂರ್ತಿ ಸ್ವಿಚ್ ಆಫ್ ಮಾಡಿ. ಪರದೆ ಲಾಕ್ ಆಗಿ ಚಾಲೂ ಇರುವ ಫೋನಿನ ಮೆಮೊರಿಯಲ್ಲಿ ಡಿಕ್ರಿಪ್ಶನ್ ಕೀಗಳು, ಅಂದರೆ ಗೂಢಲಿಪಿ ಬಿಡಿಸುವ ಕೀಗಳು, ಉಳಿದಿರುತ್ತವೆ. ಆಫ್ ಆದಮೇಲೆ ಬೆರಳಚ್ಚು ಸಾಲದು, ಪಾಸ್‌ಕೋಡ್ ಬೇಕೇ ಬೇಕು. ಅದು 4 ಅಂಕಿಯದ್ದಾದರೆ ಇರುವುದು 10,000 ಸಾಧ್ಯತೆ ಮಾತ್ರ. ಅಕ್ಷರವೂ ಅಂಕಿಯೂ ಬೆರೆತ 10 ಸ್ಥಾನಗಳದ್ದನ್ನು ಇಂದೇ ಇಟ್ಟುಕೊಳ್ಳಿ.