ತೊಗಟೆ ಓದಲು ಕುಳಗಿಗೆ

ಫೆಬ್ರವರಿ ಕೊನೆಗೆ ದಾಂಡೇಲಿ ಕಡೆ ಹೊರಟರೆ ‘ಬೋಳು ಮರ ನೋಡಲು ಅಷ್ಟು ದೂರವೇ?’ ಎಂದು ಕೇಳುವವರಿದ್ದಾರೆ. ಮರ ಗುರುತಿಸುವುದನ್ನು ಕಲಿಯಬೇಕೆಂದವರಿಗೆ ಅದೇ ಸರಿಯಾದ ಕಾಲ. ಮಳೆಗಾಲದಲ್ಲಿ ಎಲ್ಲವೂ ಒಂದೇ ಹಸಿರು, ಎಲೆಗಳೋ ಕತ್ತೆತ್ತಿದರೂ ಕಾಣದಷ್ಟು ಮೇಲೆ. ಎಲೆ ಉದುರಿದಾಗ ಕಣ್ಣು ತಾನಾಗಿಯೇ ಕಾಂಡಕ್ಕೆ ಇಳಿಯುತ್ತದೆ.

ದಾಂಡೇಲಿಯಿಂದ ಸುಮಾರು 12 ಕಿ.ಮೀ. ದೂರದ ಕುಳಗಿಯಲ್ಲಿ ಅರಣ್ಯ ಇಲಾಖೆಯ ನಿಸರ್ಗ ಶಿಬಿರವಿದೆ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಪ್ರಾಣಿ, ಪಕ್ಷಿ, ಮರಗಳನ್ನು ಪರಿಚಯಿಸುವ ಮಾಹಿತಿ ಕೇಂದ್ರವೂ ಅಲ್ಲಿಯೇ. ಬಂದವರೆಲ್ಲ ಹುಲಿಯ ಚಿತ್ರದ ಮುಂದೆ ನಿಲ್ಲುತ್ತಿದ್ದರು. ನಾನು ಬೇಗ ಹೊರಬಿದ್ದೆ. ನಿಜವಾದ ಪಾಠವಿದ್ದದ್ದು ಹೊರಗೆ, ಮಾರ್ಗದರ್ಶಿಯ ಹಿಂದೆ, ತರಗೆಲೆಯ ಮೇಲಿನ ನಡಿಗೆಯಲ್ಲಿ.

ಮೊದಲು ಸಿಕ್ಕಿದ್ದು ಮತ್ತಿ. ಕಪ್ಪು ತೊಗಟೆ ಆಳವಾಗಿ ಸೀಳಿ, ಚೌಕ ಚೌಕವಾಗಿ ಮೊಸಳೆಯ ಬೆನ್ನಿನಂತಿತ್ತು. ಒಂದು ಬಿರುಕಿಗೆ ಬೆರಳಿಟ್ಟೆ, ಉಗುರು ಪೂರ್ತಿ ಒಳಗೆ ಹೋಯಿತು. ನೆಲಬೆಂಕಿ ಹಾದುಹೋದರೂ ಈ ದಪ್ಪ ಹೊದಿಕೆಯ ಒಳಗಿನ ಜೀವಕ್ಕೆ ಅಷ್ಟಾಗಿ ಶಾಖ ತಟ್ಟುವುದಿಲ್ಲ. ಬೇಸಗೆಯಲ್ಲಿ ಕೆಲವು ಮತ್ತಿಗಳ ಕಾಂಡದಲ್ಲಿ ನೀರು ತುಂಬಿರುತ್ತದೆ, ಕೊರೆದರೆ ಚಿಮ್ಮುತ್ತದೆ ಎಂದರು ಮಾರ್ಗದರ್ಶಿ. ಕೊರೆದು ತೋರಿಸಿ ಎಂದು ಯಾರೂ ಕೇಳಲಿಲ್ಲ, ಪುಣ್ಯ.

ಪಕ್ಕದಲ್ಲೇ ನಂದಿ. ಮತ್ತಿಗೆ ಪೂರ್ತಿ ವಿರುದ್ಧ: ಹಳೆಯ ತೊಗಟೆ ತೆಳ್ಳಗೆ ಸಿಪ್ಪೆಯಾಗಿ ಕಳಚಿ, ಕಾಂಡ ನುಣ್ಣಗೆ, ಬಿಳಿಚಿಕೊಂಡು ನಿಂತಿತ್ತು. ಹೊನ್ನೆಯನ್ನು ಗುರುತಿಸಿದ್ದು ಗಾಯದಿಂದ. ತೊಗಟೆ ಕಿತ್ತುಹೋದ ಜಾಗದಲ್ಲಿ ಕೆಂಪು ರಸ ಒಸರಿ ಒಣಗಿ ಗಟ್ಟಿ ಅಂಟಾಗಿತ್ತು.

ಎಡವಟ್ಟಿನ ಮರ ಕಿಂದಳ. ಮತ್ತಿಯ ಹತ್ತಿರದ ಸಂಬಂಧಿ, ದೂರದಿಂದ ನೋಡಿದರೆ ಅಣ್ಣ ತಮ್ಮಂದಿರೇ ಸರಿ. ಅನುಮಾನ ಬಂದರೆ ನೆಲ ನೋಡಬೇಕು. ಮತ್ತಿಯ ಕಾಯಿಗೆ ಐದು ಅಗಲ ರೆಕ್ಕೆಗಳು. ಕಿಂದಳದ ಪುಟ್ಟ ಕಾಯಿಗೆ ಒಂದು ದೊಡ್ಡ ರೆಕ್ಕೆ, ಎರಡು ಚಿಕ್ಕವು. ಅಂಗೈಯಲ್ಲಿ ಎರಡನ್ನೂ ಇಟ್ಟುಕೊಂಡ ಮೇಲೆ ತಕರಾರಿಗೆ ಜಾಗವಿರಲಿಲ್ಲ.

ತೇಗದ ನೆಡುತೋಪು ಬಂದಾಗ ಕಾಡಿನ ಗತ್ತೇ ಬದಲಾಯಿತು. ಸಾಲು ಹಿಡಿದ, ಒಂದೇ ವಯಸ್ಸಿನ ಮರಗಳು. ಅದನ್ನು ಕಾಡೆನ್ನಲು ನನಗೆ ಮನಸ್ಸಾಗುವುದಿಲ್ಲ, ಆದರೂ ಕಲಿಯಲು ಅಲ್ಲಿಯೂ ಇತ್ತು. ಹಳೆಯ ಬೊಡ್ಡೆಯೊಂದರಲ್ಲಿ ವರ್ಷದ ಉಂಗುರಗಳು ಸ್ಪಷ್ಟವಾಗಿದ್ದವು. ಉಷ್ಣವಲಯದ ಬಹಳಷ್ಟು ಮರಗಳಲ್ಲಿ ಇಷ್ಟು ನಿಚ್ಚಳವಾಗಿ ಉಂಗುರ ಕಾಣುವುದಿಲ್ಲ. ತೇಗ ಅದಕ್ಕೆ ಅಪವಾದ. ಬೊಡ್ಡೆಯ ಬುಡದಲ್ಲಿ ಒಡೆದಿದ್ದ ಚಿಗುರೆಲೆಯನ್ನು ಉಜ್ಜಿದಾಗ ಬೆರಳು ಕೆಂಪಾಯಿತು.

ಮರಳುವಾಗ ತಲೆಯ ಮೇಲೆ ರೆಕ್ಕೆಯ ಭಾರೀ ಸದ್ದು: ಮಂಗಟ್ಟೆ. ವರ್ಷದ ಈ ಹೊತ್ತಿಗೆ ಹೆಣ್ಣು ಮೊಟ್ಟೆಯಿಡಲು ಪೊಟರೆಯೊಳಗೆ ಸೇರಿ, ಸಣ್ಣ ಸೀಳು ಬಿಟ್ಟು ಬಾಗಿಲು ಮುಚ್ಚಿಕೊಳ್ಳುತ್ತದೆ. ಗಂಡು ಅಲ್ಲಿಂದಲೇ ಹಣ್ಣು ಉಣಿಸುತ್ತದೆ. ಅಷ್ಟು ದೊಡ್ಡ ಪೊಟರೆ ಇರುವುದು ಹಳೆಯ, ದಪ್ಪ ಮರಗಳಲ್ಲಿ ಮಾತ್ರ. ನೆಡುತೋಪನ್ನು ದಾಟಿ ಅದು ಮತ್ತಿ, ನಂದಿಗಳ ಕಡೆಗೇ ಹಾರಿತು.

ಮರುದಿನ ಅಣಶಿಗೆ ಹೋಗುವುದಿತ್ತು. ಅದು ಮಳೆ ಹೆಚ್ಚು ಬೀಳುವ ನಿತ್ಯಹರಿದ್ವರ್ಣ ಕಾಡು. ಕಾಂಡಕ್ಕೆಲ್ಲ ಪಾಚಿ, ಕಲ್ಲುಹೂವು ಹತ್ತಿರುತ್ತವೆ, ಇಲ್ಲಿ ಕಲಿತ ತೊಗಟೆಯ ಪಾಠ ಅಲ್ಲಿ ಅರ್ಧಕ್ಕರ್ಧ ನಡೆಯುವುದಿಲ್ಲ ಎಂದು ಮಾರ್ಗದರ್ಶಿ ಮೊದಲೇ ಹೇಳಿಬಿಟ್ಟರು.