ಸವೆದ ಟೈರಿನ ಎಣ್ಣೆಗೆ ಉರಿಯುವುದೊಂದೇ ಗತಿಯೇ?

ಹಾಸನದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಬೋಧಿಸುವ ನಾನು, ಇಂಧನಗಳ ಪಾಠ ನಡೆಯುತ್ತಿದ್ದಾಗ ವಿದ್ಯಾರ್ಥಿಗಳನ್ನು ಬಿ.ಎಂ. ರಸ್ತೆಯ ಟೈರ್ ರೀಟ್ರೆಡಿಂಗ್ ಅಂಗಡಿಯೊಂದಕ್ಕೆ ಕರೆದೊಯ್ದಿದ್ದೆ. ಶಿರಾಡಿ ಘಾಟಿ ಹತ್ತಿಳಿಯುವ ಲಾರಿಗಳ ಸವೆದ ಟೈರುಗಳನ್ನು ಅಲ್ಲಿ ಆಳೆತ್ತರಕ್ಕೆ ಪೇರಿಸಿದ್ದರು. ಕೆಲವುಗಳಲ್ಲಿ ಮಳೆನೀರು ನಿಂತು ಸೊಳ್ಳೆಮರಿಗಳಾಗಿದ್ದವು.

"ಇವು ಇನ್ನು ರಬ್ಬರ್ ಹಿಡಿಯಲ್ಲ ಮೇಷ್ಟ್ರೇ. ಗುಜರಿಯವ್ರು ತಗೊಂಡು ಹೋಗ್ತಾರೆ, ಎಣ್ಣೆ ತೆಗೀತಾರಂತೆ" ಎಂದರು ಮಾಲೀಕರು.

ಗಾಳಿಯಾಡದಂತೆ ಸುಮಾರು 500 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಟೈರಿನ ತೂಕದ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆಯಾಗುತ್ತದೆ. ಅದರಲ್ಲಿ ಬಹುಪಾಲು ಕುಲುಮೆ, ಬಾಯ್ಲರುಗಳಲ್ಲಿ ಉರಿದುಹೋಗುತ್ತದೆಂದು ನಾನು ಹೇಳಿದಾಗ, ಉರಿಸುವುದನ್ನು ಬಿಟ್ಟರೆ ಬೇರೆ ಉಪಯೋಗವಿಲ್ಲವೇ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ಆ ಪ್ರಶ್ನೆಯಿಂದ ನನಗೆ ಬಹಳ ಸಂತೋಷವಾಯಿತು. ಕಲ್ಲಿದ್ದಲನ್ನು ಡೀಸೆಲ್‌ನಂಥ ದ್ರವ ಇಂಧನವಾಗಿಸುವ ಕೆಲಸಕ್ಕೆ ಈ ಎಣ್ಣೆ ನೆರವಾಗಬಲ್ಲದೆಂದು ಅಲ್ಲಿಯೇ ನಿಂತು ವಿವರಿಸಿದೆ.

ಕಲ್ಲಿದ್ದಲಿನಲ್ಲಿ ನೂರು ಇಂಗಾಲದ ಪರಮಾಣುಗಳಿಗೆ ಸುಮಾರು 80 ಜಲಜನಕದ ಪರಮಾಣುಗಳಿದ್ದರೆ, ಡೀಸೆಲ್‌ನಲ್ಲಿ ಅವು 180ರ ಆಸುಪಾಸಿನಲ್ಲಿರುತ್ತವೆ. ಈ ಕೊರತೆಯನ್ನು ಅಧಿಕ ಒತ್ತಡದ ಜಲಜನಕದಿಂದ ತುಂಬುವ ವಿಧಾನಕ್ಕೆ ಜರ್ಮನಿಯ ಫ್ರೀಡ್ರಿಕ್ ಬರ್ಗಿಯಸ್ 1913ರಲ್ಲಿ ಪೇಟೆಂಟ್ ಪಡೆದರು. 1931ರ ನೊಬೆಲ್ ಪ್ರಶಸ್ತಿಯನ್ನು ಕಾರ್ಲ್ ಬಾಷ್ ಜೊತೆ ಹಂಚಿಕೊಂಡರು. ಕಲ್ಲಿದ್ದಲಿನ ಪುಡಿಯನ್ನು ಭಾರವಾದ ಎಣ್ಣೆಯಲ್ಲಿ ಕಲಸಿ 400ರಿಂದ 450 ಡಿಗ್ರಿಗೆ ಕಾಯಿಸಿದಾಗ ಅದರ ದೊಡ್ಡ ಅಣುಗಳು ತುಂಡಾಗುತ್ತವೆ; ತುಂಡಾದ ತುದಿಗಳಿಗೆ ಆ ಕ್ಷಣದಲ್ಲೇ ಜಲಜನಕ ಸಿಗದಿದ್ದರೆ ಅವು ಮತ್ತೆ ಒಂದಕ್ಕೊಂದು ಬೆಸೆದುಕೊಂಡು ಕೋಕ್ ಎಂಬ ಗಟ್ಟಿ ಇದ್ದಿಲಿನಂಥ ವಸ್ತುವಾಗುತ್ತವೆ. ಆದ್ದರಿಂದ ಕಲಸುವ ಎಣ್ಣೆಯೇ ಜಲಜನಕವನ್ನು ಕೊಡುವಂತಿರಬೇಕು. ಟೈರ್ ಎಣ್ಣೆಯ ಭಾರವಾದ ಭಾಗದಲ್ಲಿ, ಜಲಜನಕವನ್ನು ಹಿಡಿದು ಮತ್ತೆ ಬಿಟ್ಟುಕೊಡಬಲ್ಲ, ಇಂಗಾಲದ ಹಲವು ಉಂಗುರಗಳಿರುವ ಅಣುಗಳು ಹೇರಳವಾಗಿರುವುದರಿಂದ, ಅದಕ್ಕೆ ಮೊದಲೇ ಜಲಜನಕವನ್ನು ಸೇರಿಸಿಟ್ಟರೆ ಅದು ಈ ಕೆಲಸಕ್ಕೆ ಒದಗುತ್ತದೆ.

"ಟೈರಿನಲ್ಲಿ ಗಂಧಕ ಇರುತ್ತಲ್ಲ ಸರ್, ಅದು ಕೆಡಿಸುವುದಿಲ್ಲವೇ?" ಎಂದು ಇನ್ನೊಬ್ಬ ಕೇಳಿದ. ಕೆಡಿಸುವುದಿಲ್ಲ ಎಂದೆ; ಈ ಕ್ರಿಯೆಯನ್ನು ತ್ವರೆಗೊಳಿಸಲು ಬಳಸುವ ಕಬ್ಬಿಣದ ವೇಗವರ್ಧಕ ಚುರುಕಾಗುವುದು ಗಂಧಕದೊಡನೆ ಕೂಡಿದಾಗಲೇ. ಆದರೆ ಕೊನೆಗೆ ಸಿಗುವ ಇಂಧನದಿಂದ ಗಂಧಕವನ್ನು ತೆಗೆಯಲೇಬೇಕು, ಅದಕ್ಕೂ ಜಲಜನಕವೇ ಬೇಕು, ವೆಚ್ಚ ಏರುವುದೂ ಅಲ್ಲಿಯೇ.

ನಮ್ಮ ರಾಜ್ಯದಲ್ಲಿ ಕಲ್ಲಿದ್ದಲಿನ ಗಣಿಯಿಲ್ಲ. ರಾಯಚೂರಿನ ವಿದ್ಯುತ್ ಸ್ಥಾವರಕ್ಕೂ ಅದು ರೈಲಿನಲ್ಲೇ ಬರಬೇಕು. ಟೊಳ್ಳಾದ ಟೈರುಗಳನ್ನು ತುಂಬಿದ ಲಾರಿ ಬಹುಪಾಲು ಗಾಳಿಯನ್ನೇ ಹೊರುತ್ತದೆ. ಹಾಗಾಗಿ ಹೊಗೆ ಮತ್ತು ತ್ಯಾಜ್ಯಗಳ ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸುವ ಘಟಕದಲ್ಲಿ ಎಣ್ಣೆಯನ್ನು ಇಲ್ಲಿಯೇ ತೆಗೆದು, ತೆಲಂಗಾಣದ ಸಿಂಗರೇಣಿಯಂಥ ಕಲ್ಲಿದ್ದಲು ಗಣಿ ಪ್ರದೇಶಕ್ಕೆ ಟ್ಯಾಂಕರಿನಲ್ಲಿ ಕಳುಹಿಸುವುದೇ ಸರಿಯೆಂದು ನಾನು ಅವರಿಗೆ ಹೇಳಿದೆ.